ಪ್ಯಾಸಿವ್ ವಾಯ್ಸ್: ಎಲ್ಲ ವಾಕ್ಯಕ್ಕೂ ‘ಬೈ’ ಹಾಕಿದರೆ ಮುಗೀತಾ?

ವಿದ್ಯಾನಗರದ ಅಮ್ಮ:
ದಾವಣಗೆರೆ, ದುರ್ಗದ ಕಡೆಯವರು ಇಂಗ್ಲಿಷ್ ಗ್ರಾಮರ್ ಗೊತ್ತಿದ್ದವರು ಇದ್ದರೆ ಸ್ವಲ್ಪ ಹೇಳಿ. ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ, ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜ್. ಟ್ಯೂಷನ್‌ನಲ್ಲಿ ಆ್ಯಕ್ಟಿವ್ (ಕರ್ತರಿ) ವಾಕ್ಯವನ್ನು ಪ್ಯಾಸಿವ್ (ಕರ್ಮಣಿ) ಮಾಡುವುದಕ್ಕೆ ಒಂದು ಸೂತ್ರ ಬರೆಸಿದ್ದಾರೆ. ಕೊನೆಯಲ್ಲಿರುವುದನ್ನು ಮೊದಲಿಗೆ ತಾ, ಮೊದಲಿರುವುದನ್ನು ಕೊನೆಗೆ ಹಾಕು, ನಡುವೆ ‘ಬೈ’ ಸೇರಿಸು. ಅಷ್ಟೇ. ಅದರ ಸುತ್ತ ಕೆಂಪು ಪೆನ್ನಿನಲ್ಲಿ ಡಬ್ಬಿ ಬೇರೆ ಹೊಡೆಸಿದ್ದಾರೆ.

ಅವಳು ಬರೆದ ಮೂರು ವಾಕ್ಯ ನೋಡಿ.

‘ಮೈ ಫಾದರ್ ಗೋಸ್ ಟು ಹರಿಹರ’ ಇದ್ದದ್ದು ‘ಹರಿಹರ ಈಸ್ ಗಾನ್ ಬೈ ಮೈ ಫಾದರ್’ ಆಗಿದೆ. ಇದಕ್ಕೆ ರೈಟ್ ಮಾರ್ಕ್ ಬಿದ್ದಿದೆ!

‘ದೇ ಆರ್ ರಿಪೇರಿಂಗ್ ದ ರೋಡ್’ ಇದ್ದದ್ದು ‘ದ ರೋಡ್ ಈಸ್ ರಿಪೇರ್ಡ್ ಬೈ ದೆಮ್’.

‘ಓಬವ್ವ ಕಿಲ್ಡ್ ದ ಸೋಲ್ಜರ್ಸ್ ವಿತ್ ಎ ಪೆಸಲ್’ ಇದ್ದದ್ದು ‘ಎ ಪೆಸಲ್ ವಾಸ್ ಕಿಲ್ಡ್ ದ ಸೋಲ್ಜರ್ಸ್ ಬೈ ಓಬವ್ವ’. ಒನಕೆಯೇ ಸತ್ತು ಹೋಗಿದೆ.

ನಾನು ಓದಿದ್ದು ಬಿ.ಕಾಂ. ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ, ಯಾಕೆ ತಪ್ಪು ಅಂತ ಹೇಳಿಕೊಡಲು ಬರುವುದಿಲ್ಲ. ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಬದಲಾಯಿಸಬಾರದು? ಇನ್ನೊಂದು, ಅವಳೇ ಕೇಳಿದ ಪ್ರಶ್ನೆ: ‘ಸರಿಯಾಗಿರೋ ವಾಕ್ಯಾನ ಯಾಕಮ್ಮಾ ತಿರುಗಿಸಬೇಕು?’ ನನ್ನ ಹತ್ತಿರ ಉತ್ತರ ಇಲ್ಲ.

ಗುಂಡಿ ಸರ್ಕಲ್:
ಹರಿಹರ ಎಲ್ಲಿಗೂ ಗಾನ್ ಆಗಿಲ್ಲ ಮೇಡಂ, ತುಂಗಭದ್ರೆ ದಂಡೆ ಮೇಲೆ ಆರಾಮಾಗಿ ಇದೆ 😄

ಖಾರ ಮಂಡಕ್ಕಿ:
ಪಾಪ ಆ ಒನಕೆ.

ಹಿರಿಯೂರು ಮೇಷ್ಟ್ರು:
ನಗಬೇಡ್ರಪ್ಪಾ. ಇದು ಮಗುವಿನ ತಪ್ಪಲ್ಲ, ಸೂತ್ರದ ತಪ್ಪು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಈ ಕೆಂಪು ಡಬ್ಬಿಯನ್ನು ಎಷ್ಟು ನೋಟ್‌ಬುಕ್ಕಿನಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ. ಪ್ಯಾಸಿವ್ ಅಂದರೆ ಬಸ್ಸಿನಲ್ಲಿ ಇಬ್ಬರು ಸೀಟು ಅದಲು ಬದಲು ಮಾಡಿಕೊಂಡ ಹಾಗೆ ಅಂತ ಮಕ್ಕಳ ತಲೆಗೆ ತುಂಬಿದ್ದಾರೆ.

ಮೊದಲು ಕ್ರಿಯಾಪದ ಹುಡುಕಲಿ. ಆಮೇಲೆ ಅದನ್ನು ಕನ್ನಡದಲ್ಲೇ ಕೇಳಲಿ: ಏನನ್ನು? ಯಾರನ್ನು? ‘ಕೊಂದಳು’. ಯಾರನ್ನು? ‘ಸೈನಿಕರನ್ನು’. ಉತ್ತರ ಸಿಕ್ಕಿತು, ಅದೇ ಆಬ್ಜೆಕ್ಟ್, ಅದೇ ಮುಂದೆ ಬರಬೇಕು. ಒನಕೆ ಅಲ್ಲ. ‘ಹೋಗುತ್ತಾರೆ’. ಏನನ್ನು ಹೋಗುತ್ತಾರೆ? ಉತ್ತರ ಇಲ್ಲ. ‘ಹರಿಹರಕ್ಕೆ’ ಅನ್ನುವುದು ಎಲ್ಲಿಗೆ ಅನ್ನುವ ಪ್ರಶ್ನೆಗೆ ಉತ್ತರ. ಹಾಗಾಗಿ ಆ ವಾಕ್ಯಕ್ಕೆ ಪ್ಯಾಸಿವ್ ಇಲ್ಲ. ಕನ್ನಡ ವ್ಯಾಕರಣದಲ್ಲಿ ಸಕರ್ಮಕ, ಅಕರ್ಮಕ ಅಂತ ಓದಿರುತ್ತಾಳಲ್ಲ, ಅದೇ ಇದು. ಹೋಗು, ಬಾ, ಮಲಗು, ನಗು, ಸಾಯು ಇವು ಯಾವುದಕ್ಕೂ ಕರ್ಮ ಬೇಡ.

ಎರಡನೆಯದು, ಕಾಲ. ಆ್ಯಕ್ಟಿವ್ ಯಾವ ಕಾಲದಲ್ಲಿದೆಯೋ ಪ್ಯಾಸಿವ್ ಕೂಡ ಅದೇ ಕಾಲದಲ್ಲಿರಬೇಕು. ‘ಆರ್ ರಿಪೇರಿಂಗ್’ ಅಂದರೆ ಈಗ ಕೆಲಸ ನಡೆಯುತ್ತಾ ಇದೆ. ಹಾಗಾಗಿ ‘ದ ರೋಡ್ ಈಸ್ ಬೀಯಿಂಗ್ ರಿಪೇರ್ಡ್’. ‘ಬೀಯಿಂಗ್’ ಬಿಟ್ಟರೆ ನಡೆಯುತ್ತಾ ಇರುವುದು ಕಾಣುವುದೇ ಇಲ್ಲ, ರಸ್ತೆ ರಿಪೇರಿ ಆಗಿ ಕೂತಿದೆ ಅನ್ನುವ ಅರ್ಥವೂ ಬಂದುಬಿಡುತ್ತದೆ.

ಮೂರನೆಯದು, ‘ಬಿ’ ಕ್ರಿಯಾಪದ, ಅಂದರೆ ‘ಈಸ್’, ‘ಆರ್’, ‘ವಾಸ್’, ‘ವರ್’ ಇವು, ಹೊಸ ಕರ್ತೃವಿಗೆ ಹೊಂದಬೇಕು. ‘ಷಿ ಬಾಟ್ ಟೂ ಮ್ಯಾಂಗೋಸ್’ ಇದ್ದರೆ ‘ಟೂ ಮ್ಯಾಂಗೋಸ್ ವರ್ ಬಾಟ್’. ಮೊದಲಿನ ಕರ್ತೃ ಒಬ್ಬಳು ಅಂತ ‘ವಾಸ್’ ಹಾಕುತ್ತಾರೆ ಮಕ್ಕಳು. ಈಗ ಮುಂದೆ ಕೂತಿರುವುದು ಮಾವಿನಹಣ್ಣು, ಎರಡು.

ಕೋಟೆ ಹುಡುಗ:
ದುರ್ಗದವನಾಗಿ ಓಬವ್ವನ ವಾಕ್ಯ ನಾನೇ ಸರಿಮಾಡಬೇಕು. ‘ದ ಸೋಲ್ಜರ್ಸ್ ವರ್ ಕಿಲ್ಡ್ ಬೈ ಓಬವ್ವ ವಿತ್ ಎ ಪೆಸಲ್’. ಮಾಡಿದವಳಿಗೆ ‘ಬೈ’, ಕೈಯಲ್ಲಿ ಹಿಡಿದ ಸಾಮಾನಿಗೆ ‘ವಿತ್’. ಕಿಂಡಿ ಹತ್ತಿರ ಹೋಗಿ ನಿಂತರೆ ಗ್ರಾಮರ್ ತಾನೇ ಅರ್ಥವಾಗುತ್ತದೆ. ಒಬ್ಬ ಬಗ್ಗಿ ತೂರಿ ಬರುವಷ್ಟೇ ಜಾಗ. ಒಳಗೆ ಬಂದವನಿಗೆ ಒನಕೆ ಬೀಸಿದವಳು ಓಬವ್ವ, ಒನಕೆ ತಾನಾಗಿ ಎದ್ದು ಬೀಸಲಿಲ್ಲ.

ವಿದ್ಯಾನಗರದ ಅಮ್ಮ:
ಮೇಷ್ಟ್ರೇ, ‘ಏನನ್ನು’ ಅಂತ ಕೇಳುವುದು ಅವಳಿಗೆ ಕೂಡಲೇ ಹಿಡಿಸಿತು. ಇದನ್ನು ಯಾಕೆ ಯಾರೂ ಹೇಳಿಕೊಟ್ಟಿರಲಿಲ್ಲ?

ಚಳ್ಳಕೆರೆ ಎಕ್ಸ್‌ಪ್ರೆಸ್:
ಸ್ವಲ್ಪ ತಡೀರಿ. ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ, ಆದರೆ ಪೂರ್ತಿ ನಂಬಿದರೆ ಪರೀಕ್ಷೆಯಲ್ಲಿ ಕೈ ಕೊಡುತ್ತದೆ. ನಾನು ಎಫ್‌ಡಿಎ, ಎಸ್‌ಡಿಎಗೆ ಓದುತ್ತಾ ಇದ್ದೇನೆ, ಜನರಲ್ ಇಂಗ್ಲಿಷ್ ಪೇಪರ್ ತಗೊಂಡಿದ್ದೇನೆ, ಇವೇ ನನ್ನ ದಿನದ ಊಟ. ‘ಹಿ ರಿಸೆಂಬಲ್ಸ್ ಹಿಸ್ ಫಾದರ್’. ಕನ್ನಡದಲ್ಲಿ ಕೇಳಿ: ಯಾರನ್ನು ಹೋಲುತ್ತಾನೆ? ಅಪ್ಪನನ್ನು. ‘ಅನ್ನು’ ಬಂತು. ಆದರೂ ‘ಹಿಸ್ ಫಾದರ್ ಈಸ್ ರಿಸೆಂಬಲ್ಡ್ ಬೈ ಹಿಮ್’ ಅಂತ ಇಂಗ್ಲಿಷಿನಲ್ಲಿ ಹೇಳುವುದಿಲ್ಲ.

ಉಲ್ಟಾನೂ ಇದೆ. ‘ದ ಥೀಫ್ ಎಂಟರ್ಡ್ ದ ಹೌಸ್’. ಕನ್ನಡದಲ್ಲಿ ಮನೆಗೆ ನುಗ್ಗಿದ. ‘ಅನ್ನು’ ಇಲ್ಲ. ಆದರೆ ‘ದ ಹೌಸ್ ವಾಸ್ ಎಂಟರ್ಡ್’ ಸರಿಯಾಗಿಯೇ ಇದೆ. ಹಾಗಾದರೆ ಕನ್ನಡದ ಟೆಸ್ಟ್ ಏನಕ್ಕೆ ಬಂತು?

ಹಿರಿಯೂರು ಮೇಷ್ಟ್ರು:
ಸರಿಯಾದ ಜಾಗದಲ್ಲೇ ಹಿಡಿದಿರಿ. ಆದರೆ ನಾನು ಹೇಳಿದ್ದು ಹತ್ತನೇ ಕ್ಲಾಸಿನ ಹುಡುಗಿಗೆ ಬಾಗಿಲು ತೆಗೆಯಲು, ಮನೆಯ ನಕ್ಷೆ ಕೊಡಲು ಅಲ್ಲ. ‘ರಿಸೆಂಬಲ್’, ‘ಹ್ಯಾವ್’, ‘ಲ್ಯಾಕ್’, ‘ಕಾಸ್ಟ್’, ಬಟ್ಟೆ ಅಳತೆಗೆ ಸರಿಹೋಗುವ ‘ಫಿಟ್’ ಇವುಗಳಲ್ಲಿ ಯಾರೂ ಏನೂ ಮಾಡುತ್ತಿಲ್ಲ, ಸುಮ್ನೆ ಇರುವ ಸ್ಥಿತಿ. ಕೆಲಸವೇ ನಡೆಯದಿದ್ದಾಗ ಕೆಲಸಕ್ಕೆ ಒಳಗಾದವರು ಎಲ್ಲಿಂದ ಬರಬೇಕು? ‘ಐ ಹ್ಯಾವ್ ಎ ಬೈಕ್’ ಅನ್ನುವುದನ್ನು ‘ಎ ಬೈಕ್ ಈಸ್ ಹ್ಯಾಡ್ ಬೈ ಮಿ’ ಅಂತ ಬರೆದ ಪೇಪರ್ ನಾನು ತಿದ್ದಿದ್ದೇನೆ. ಇಂಥ ಕ್ರಿಯಾಪದ ಜಾಸ್ತಿ ಇಲ್ಲ, ಒಂದು ಪಟ್ಟಿ ಮಾಡಿಕೊಂಡರೆ ಸಾಕು.

‘ಎಂಟರ್’, ‘ಕ್ಲೈಂಬ್’, ‘ರೀಚ್’ ಇವಕ್ಕೆ ಇಂಗ್ಲಿಷಿನಲ್ಲಿ ಮುಂದೆ ಪ್ರಿಪೊಸಿಷನ್ ಇಲ್ಲದೆಯೇ ಆಬ್ಜೆಕ್ಟ್ ಬರುತ್ತದೆ. ನಮ್ಮ ಮಕ್ಕಳು ‘ರೀಚ್ಡ್ ಟು ದ ಸ್ಕೂಲ್’ ಅಂತ ಬರೆಯುವುದೂ ಇದೇ ಕಾರಣಕ್ಕೆ, ನಮಗೆ ‘ಶಾಲೆಗೆ’ ಅನ್ನಬೇಕು ಅನಿಸುತ್ತದೆ.

ಬೆಣ್ಣೆ ಜಾಸ್ತಿ ಹಾಕಿ:
ಪಾಯಿಂಟ್ ಚೆನ್ನಾಗಿದೆ. ಪ್ರಿಪೊಸಿಷನ್ ಇದ್ದರೂ ಪ್ಯಾಸಿವ್ ಆಗುವವೂ ಇವೆ ಅಲ್ವಾ ಮೇಷ್ಟ್ರೇ? ‘ದೇ ಲಾಫ್ಡ್ ಅಟ್ ಹಿಮ್’, ‘ಹಿ ವಾಸ್ ಲಾಫ್ಡ್ ಅಟ್’.

ಹಿರಿಯೂರು ಮೇಷ್ಟ್ರು:
ಹೌದು. ‘ಲಾಫ್ ಅಟ್’, ‘ಲುಕ್ ಆಫ್ಟರ್’, ‘ಲಿಸನ್ ಟು’ ಇವು ಜೋಡಿ, ಎರಡನ್ನೂ ಸೇರಿಸಿ ಒಂದೇ ಕ್ರಿಯಾಪದ ಅಂತ ನೋಡಬೇಕು. ‘ದ ಚೈಲ್ಡ್ ವಾಸ್ ಲುಕ್ಡ್ ಆಫ್ಟರ್ ಬೈ ಹರ್ ಗ್ರಾಂಡ್‌ಮದರ್’. ‘ಆಫ್ಟರ್’, ‘ಬೈ’ ಎರಡೂ ಪಕ್ಕಪಕ್ಕ ಬಂದಾಗ ಮಕ್ಕಳು ಒಂದನ್ನು ನುಂಗಿಬಿಡುತ್ತಾರೆ. ನುಂಗಬಾರದು.

ಗುಂಡಿ ಸರ್ಕಲ್:
ರಸ್ತೆ ವಾಕ್ಯದ ಬಗ್ಗೆ ನನ್ನದೊಂದು ತಕರಾರು. ನಮ್ಮ ಊರಿನಲ್ಲಿ ‘ದ ರೋಡ್ ಹ್ಯಾಸ್ ಬೀನ್ ಬೀಯಿಂಗ್ ಡಗ್’ ಅನ್ನುವ ಕಾಲ ಬೇಕು. ಅಗೆದಿದ್ದಾರೆ, ಅಗೆಯುತ್ತಾ ಇದ್ದಾರೆ, ಮುಂದೆಯೂ ಅಗೆಯುತ್ತಾರೆ.

ಚಳ್ಳಕೆರೆ ಎಕ್ಸ್‌ಪ್ರೆಸ್:
ಆ ಕಾಲಕ್ಕೇ ಪ್ಯಾಸಿವ್ ಕೇಳುವುದಿಲ್ಲ ಸ್ವಾಮಿ. ಪರ್ಫೆಕ್ಟ್ ಕಂಟಿನ್ಯುಯಸ್ ಮೂರೂ, ಫ್ಯೂಚರ್ ಕಂಟಿನ್ಯುಯಸ್ ಒಂದು, ಇವನ್ನು ಸ್ಕೂಲ್ ಗ್ರಾಮರಿನಲ್ಲಿ ಪ್ಯಾಸಿವ್ ಮಾಡುವುದಿಲ್ಲ. ‘ವಿಲ್ ಬಿ ಬೀಯಿಂಗ್’, ‘ಬೀನ್ ಬೀಯಿಂಗ್’ ಅಂತ ನಾಲಿಗೆ ಹೊರಳುವುದಿಲ್ಲ ನೋಡಿ.

ಗುಂಡಿ ಸರ್ಕಲ್:
ನಾಲಿಗೆ ಹೊರಳದಿದ್ದರೂ ರಸ್ತೆ ಹೊರಳುತ್ತದೆ. ಗಾಡಿ ಮೇಲೆ ಬಂದು ನೋಡಿ.

ಖಾರ ಮಂಡಕ್ಕಿ:
ಅಗೆದವರು ಯಾರು ಅಂತ ಯಾವತ್ತೂ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ಪ್ಯಾಸಿವ್ ಬೇಕು. ಮಗಳ ಪ್ರಶ್ನೆಗೆ ಇದೇ ಉತ್ತರ ಮೇಡಂ. ಮಾಡಿದವರು ಯಾರು ಅಂತ ಗೊತ್ತಿಲ್ಲದಾಗ, ಇಲ್ಲವೇ ಹೇಳುವ ಅಗತ್ಯ ಇಲ್ಲದಾಗ. ‘ಮೈ ಸೈಕಲ್ ವಾಸ್ ಸ್ಟೋಲನ್’ ಅಂದರೆ ಸಾಕು. ‘ಬೈ ಎ ಥೀಫ್’ ಅಂತ ಸೇರಿಸಿದರೆ ನಗು ಬರುತ್ತದೆ, ಕಳ್ಳ ಅಲ್ಲದೆ ಇನ್ಯಾರು ಕದಿಯುತ್ತಾರೆ?

ಟೈಟ್ರೇಷನ್:
ಇದನ್ನೇ ಹೇಳೋಣ ಅಂತ ಬಂದೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಪ್ಯಾಸಿವ್ ವಾಯ್ಸನ್ನು ನಿಜವಾಗಿ ಬಳಸುವುದು ಮೊದಲ ಸಲ ಲ್ಯಾಬ್ ರೆಕಾರ್ಡಿನಲ್ಲಿ. ಇಂಗ್ಲಿಷ್ ಪೇಪರಿನಲ್ಲಿ ಅಲ್ಲ.

ಮೊದಲ ವಾರ ರೆಕಾರ್ಡ್ ತೆಗೆದು ನೋಡಿದರೆ ಹೀಗಿರುತ್ತದೆ: ‘ಐ ಟುಕ್ 10 ಎಂ.ಎಲ್. ಸೊಲ್ಯೂಷನ್, ಐ ಪುಟ್ ಇಂಡಿಕೇಟರ್, ಐ ಸಾ ಪಿಂಕ್ ಕಲರ್’. ಲೆಕ್ಚರರ್ ‘ಐ’ಗಳನ್ನೆಲ್ಲ ಹೊಡೆದು ಹಾಕುತ್ತಾರೆ. ಆಮೇಲೆ ಬರೆಯುವುದು: ‘10 ಎಂ.ಎಲ್. ಆಫ್ ದ ಸೊಲ್ಯೂಷನ್ ವಾಸ್ ಪಿಪೆಟೆಡ್ ಔಟ್ ಇಂಟು ಎ ಕೋನಿಕಲ್ ಫ್ಲಾಸ್ಕ್. ಟೂ ಡ್ರಾಪ್ಸ್ ಆಫ್ ಫಿನಾಲ್ಫ್ತಲೀನ್ ವರ್ ಆ್ಯಡೆಡ್’. ಎರಡು ಹನಿ, ಅದಕ್ಕೆ ‘ವರ್’. ಬುರೆಟ್ಟಿನಿಂದ ಹನಿ ಹನಿ ಬಿಡುತ್ತಾ ಫ್ಲಾಸ್ಕ್ ತಿರುಗಿಸುತ್ತಾ ಇದ್ದರೆ ಒಂದು ಹನಿಗೆ ಇಡೀ ನೀರು ತಿಳಿ ಗುಲಾಬಿಯಾಗಿ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿದವನು ಯಾರು ಅನ್ನುವುದು ಮುಖ್ಯ ಅಲ್ಲ. ಯಾರೇ ಮಾಡಿದರೂ ಅದೇ ರೀಡಿಂಗ್ ಬರಬೇಕು, ಅದು ಮುಖ್ಯ. ಹಾಗಾಗಿ ಮನುಷ್ಯನನ್ನು ವಾಕ್ಯದಿಂದ ಹೊರಗೆ ಇಡುತ್ತಾರೆ. ಇಷ್ಟು ಹೇಳಿದ ಮೇಲೆ ನಮ್ಮ ಹುಡುಗರಿಗೆ ಯಾವ ಕೆಂಪು ಡಬ್ಬಿಯೂ ಬೇಕಾಗಲಿಲ್ಲ.

ಪಿಜೆ ಬಡಾವಣೆ ಟು ಬೆಂಗಳೂರು:
ಹಳೇ ಕಾಲದ ಮಾತು. ಈಗ ವಿಜ್ಞಾನದ ಜರ್ನಲ್‌ಗಳಲ್ಲೂ ‘ವಿ ಮೆಷರ್ಡ್’ ಅಂತ ಧಾರಾಳವಾಗಿ ಬರೆಯುತ್ತಾರೆ. ನಾನು ಐಟಿಯಲ್ಲಿದ್ದೇನೆ. ಡಾಕ್ಯುಮೆಂಟ್ ಬರೆಯುವಾಗ ಪ್ಯಾಸಿವ್ ಹಾಕಿದರೆ ಕಂಪ್ಯೂಟರೇ ಕೆಳಗೆ ಗೆರೆ ಎಳೆಯುತ್ತದೆ, ಆ್ಯಕ್ಟಿವ್ ಮಾಡು ಅಂತ. ಇಲ್ಲಿ ಮಕ್ಕಳಿಗೆ ಕಷ್ಟಪಟ್ಟು ಕಲಿಸಿದ್ದನ್ನು ಅಲ್ಲಿ ಕಷ್ಟಪಟ್ಟು ಬಿಡಿಸುತ್ತಾರೆ.

ಅದಕ್ಕೆ ಕಾರಣವೂ ಇದೆ. ಟೀಮಿನಲ್ಲಿ ಏನಾದರೂ ಕೆಟ್ಟರೆ ಮೇಲ್ ಹೇಗೆ ಬರುತ್ತದೆ? ‘ದ ಫೈಲ್ ವಾಸ್ ಡಿಲೀಟೆಡ್’. ಯಾರು ಡಿಲೀಟ್ ಮಾಡಿದ್ದು ಸ್ವಾಮಿ? ಹೆಸರಿಲ್ಲ. ಅದೇ ಒಳ್ಳೇದಾದರೆ ‘ಐ ಫಿಕ್ಸ್ಡ್ ದ ಇಷ್ಯೂ’. ಒಳ್ಳೇದಕ್ಕೆ ಆ್ಯಕ್ಟಿವ್, ಕೆಟ್ಟದ್ದಕ್ಕೆ ಪ್ಯಾಸಿವ್.

ಟೈಟ್ರೇಷನ್:
ಜರ್ನಲ್‌ನಲ್ಲಿ ‘ವಿ’ ಬರೆಯುತ್ತಾರೆ, ನಿಜ. ಆದರೆ ಅಲ್ಲೂ ಪ್ರಯೋಗ ಹೇಗೆ ಮಾಡಿದೆವು ಅನ್ನುವ ಭಾಗ ಬಂದರೆ ಪ್ಯಾಸಿವ್ ಇನ್ನೂ ಗಟ್ಟಿಯಾಗಿ ಕೂತಿದೆ. ಕಂಪ್ಯೂಟರ್ ಗೆರೆ ಎಳೆದರೆ ಅದು ಸಲಹೆ, ತಪ್ಪು ಅಂತ ಅರ್ಥ ಅಲ್ಲ.

ಫೈಲ್ ಮೂವ್ ಆಗಿದೆ:
ಕೆಟ್ಟದ್ದಕ್ಕೆ ಪ್ಯಾಸಿವ್ ಅನ್ನುವುದು ಇಂಗ್ಲಿಷಿನವರ ಸ್ವತ್ತೇನಲ್ಲ. ನಾನು ಸರ್ಕಾರಿ ಗುಮಾಸ್ತ, ದಿನ ಬೆಳಗಾದರೆ ‘ಲಾಗಿದೆ’ಯಲ್ಲೇ ಬದುಕುತ್ತೇನೆ. ‘ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ’, ‘ಈ ಮೂಲಕ ತಿಳಿಯಪಡಿಸಲಾಗಿದೆ’, ‘ಸೂಕ್ತ ಕ್ರಮಕ್ಕೆ ಕೋರಲಾಗಿದೆ’. ಯಾರು ತಿರಸ್ಕರಿಸಿದರು? ಕೆಳಗೆ ಸಹಿ ಇರುತ್ತದೆ, ವಾಕ್ಯದಲ್ಲಿ ಮನುಷ್ಯ ಇರುವುದಿಲ್ಲ. ಕುರ್ಚಿ ತಿರಸ್ಕರಿಸುತ್ತದೆ ಅಂತ ಇಟ್ಟುಕೊಳ್ಳಿ.

ಇದರಲ್ಲಿ ಒಂದು ವಿಷಯ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ತೊಡಕು ಮಾಡುತ್ತದೆ ಅಂತ ನನ್ನ ಅನಿಸಿಕೆ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಅಂದಾಗ ಅರ್ಜಿಗೆ ‘ಅನ್ನು’ ಹಾಗೇ ಉಳಿದಿದೆ ನೋಡಿ. ಅದು ಕರ್ತೃ ಆಗಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಉಳಿಯುವುದಿಲ್ಲ, ಮುಂದೆ ಬಂದದ್ದು ಪೂರ್ತಿ ಕರ್ತೃ ಆಗಿಬಿಡುತ್ತದೆ. ನಮ್ಮ ಹುಡುಗ ‘ಹಿಮ್ ವಾಸ್ ಕಾಲ್ಡ್’ ಅಂತ ಬರೆಯುತ್ತಾನೆ, ‘ಅವನನ್ನು ಕರೆಯಲಾಯಿತು’ ಅಂತ ಅವನ ತಲೆಯಲ್ಲಿ ಓಡುತ್ತಾ ಇರುತ್ತದೆ. ‘ಹಿಮ್’ ಹೋಗಿ ‘ಹಿ’ ಆಗಬೇಕು, ‘ದೆಮ್’ ಹೋಗಿ ‘ದೇ’ ಆಗಬೇಕು.

ಹಿರಿಯೂರು ಮೇಷ್ಟ್ರು:
ಗುಮಾಸ್ತರೇ, ಇದು ನನ್ನ ಸರ್ವಿಸಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕನ್ನಡವೇ ಸಾಕು:
ಕನ್ನಡಕ್ಕೆ ಪ್ಯಾಸಿವ್ ಬೇಕಿಲ್ಲ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ವ್ಯಾಕರಣ ಪುಸ್ತಕ ಬಿಟ್ಟರೆ ಎಲ್ಲಿ ಕೇಳಿದ್ದೀರಿ? ಸಂತೆಯಲ್ಲಿ ಯಾರಾದರೂ ‘ಈ ಬದನೆಕಾಯಿ ನನ್ನಿಂದ ಬೆಳೆಯಲ್ಪಟ್ಟಿತು’ ಅಂತಾರಾ?

ಕೋಟೆ ಹುಡುಗ:
ಸಂತೆಯಲ್ಲಿ ಅನ್ನುವುದಿಲ್ಲ. ಪೇಪರ್ ತೆಗೆದರೆ ‘ಆರೋಪಿಯನ್ನು ಬಂಧಿಸಲಾಗಿದೆ’ ಅಂತ ದಿನಾ ಓದುತ್ತೀರಿ. ಬರವಣಿಗೆಗೆ ಬೇಕು, ಮಾತಿಗೆ ಬೇಡ. ಇಂಗ್ಲಿಷಿನಲ್ಲಿ ಮಾತಿಗೂ ಬೇಕು, ಅಲ್ಲೇ ವ್ಯತ್ಯಾಸ.

ಬೆಣ್ಣೆ ಜಾಸ್ತಿ ಹಾಕಿ:
ಮಾತಿಗೂ ನಮ್ಮದೇ ದಾರಿ ಇದೆ. ಮನೆಯಲ್ಲಿ ಗಾಜಿನ ಲೋಟ ಒಡೆದರೆ ನನ್ನ ಮಗ ‘ಒಡೆದೆ’ ಅನ್ನುವುದಿಲ್ಲ, ‘ಒಡೆದು ಹೋಯ್ತು’ ಅಂತಾನೆ. ಕೇಳಿದರೆ ಲೋಟವೇ ಆತ್ಮಹತ್ಯೆ ಮಾಡಿಕೊಂಡ ಹಾಗಿರುತ್ತದೆ.

ಕನ್ನಡವೇ ಸಾಕು:
ಅದು ಪ್ಯಾಸಿವ್ ಅಲ್ಲ. ಆದರೆ ನಿಮ್ಮ ಮಗ ಮುಂದೆ ಐಟಿಗೆ ಹೋಗುತ್ತಾನೆ, ಖಂಡಿತ.

ಕೋಟೆ ಹುಡುಗ:
ಇತಿಹಾಸದ ಪಾಠ ಇಂಗ್ಲಿಷಿನಲ್ಲಿ ಓದಿದರೆ ಪ್ಯಾಸಿವ್ ಎಷ್ಟು ಉಪಯೋಗ ಅಂತ ಗೊತ್ತಾಗುತ್ತದೆ. ಚಿತ್ರದುರ್ಗದ ಬಗ್ಗೆ ಬರೆಯುತ್ತಾ ಇದ್ದರೆ ‘ದ ಫೋರ್ಟ್’ ಅಂತಲೇ ಶುರು ಮಾಡಬೇಕು ಅನಿಸುತ್ತದೆ. ‘ದ ಫೋರ್ಟ್ ವಾಸ್ ಕ್ಯಾಪ್ಚರ್ಡ್ ಬೈ ಹೈದರ್ ಅಲಿ ಇನ್ 1779’. ಇಲ್ಲಿ ‘ಬೈ’ ಬೇಕು, ಗೆದ್ದವನು ಯಾರು ಅನ್ನುವುದೇ ವಿಷಯ. ಆದರೆ ಮಾತು ಕೋಟೆಯ ಬಗ್ಗೆ, ಮದಕರಿ ನಾಯಕನ ಕೊನೆಯ ಬಗ್ಗೆ. ‘ಹೈದರ್ ಅಲಿ ಕ್ಯಾಪ್ಚರ್ಡ್’ ಅಂತ ಶುರು ಮಾಡಿದರೆ ಕತೆ ಹೈದರನದಾಗಿಬಿಡುತ್ತದೆ. ಹಾಗಾಗಿ ಗೊತ್ತಿಲ್ಲದಾಗ ಮಾತ್ರ ಪ್ಯಾಸಿವ್ ಅನ್ನುವುದು ಅರ್ಧ ಸತ್ಯ. ಯಾರ ಬಗ್ಗೆ ಮಾತಾಡುತ್ತಾ ಇದ್ದೇವೆ, ಅವರನ್ನು ಮುಂದೆ ಇಟ್ಟುಕೊಳ್ಳಲಿಕ್ಕೂ ಬೇಕು.

ಮಾರಿ ಕಣಿವೆ:
ನಮ್ಮ ಡ್ಯಾಮನ್ನೂ ಸೇರಿಸಿಕೊಳ್ಳಿ. ‘ವಾಣಿ ವಿಲಾಸ ಸಾಗರ ವಾಸ್ ಬಿಲ್ಟ್ ಅಕ್ರಾಸ್ ದ ವೇದಾವತಿ’. 1907ರಲ್ಲಿ ಮುಗಿದದ್ದು, ಮೈಸೂರು ಅರಸರ ಕಾಲ. ‘ಬೈ’ ಹಾಕಿದರೆ ಅರಸರ ಹೆಸರು ಬರುತ್ತದೆ, ಕಲ್ಲು ಹೊತ್ತವರ ಹೆಸರು ಬರುವುದಿಲ್ಲ. ಬಿಟ್ಟರೆ ಇಬ್ಬರದೂ ಇಲ್ಲ.

ಗುಂಡಿ ಸರ್ಕಲ್:
2022ರಲ್ಲಿ ಕೋಡಿ ಬಿದ್ದಾಗ ನೋಡಲು ಬಂದಿದ್ದೆವು. ಏನು ಜನ, ಏನು ಜನ! 1933 ಆದ ಮೇಲೆ ಕೋಡಿ ಬಿದ್ದದ್ದು ಅದೇ ಮೊದಲು ಅಂತಲ್ಲ.

ಮಾರಿ ಕಣಿವೆ:
ಹೌದು. ನಮ್ಮ ಅಜ್ಜಿ ಕೋಡಿ ಬಿದ್ದ ಕತೆಯನ್ನು ಅವರ ಅಮ್ಮನಿಂದ ಕೇಳಿದ್ದರು. ನೀರು 130 ಅಡಿ ಮುಟ್ಟುತ್ತದಾ ಇಲ್ಲವಾ ಅಂತ ಹಿರಿಯೂರಿನ ಹೋಟೆಲ್‌ಗಳಲ್ಲಿ ಅದೇ ಮಾತು ಆಗ.

ಚಳ್ಳಕೆರೆ ಎಕ್ಸ್‌ಪ್ರೆಸ್:
ಡ್ಯಾಮಿನ ಮಾತು ಬಂದದ್ದು ಒಳ್ಳೇದಾಯಿತು, ಇದರಲ್ಲೂ ಒಂದು ಗ್ರಾಮರ್ ಇದೆ. ‘ದ ಡ್ಯಾಮ್ ಫಿಲ್ಡ್ ಇನ್ 2022’ ಸರಿ. ‘ಫಿಲ್’, ‘ಓಪನ್’, ‘ಬ್ರೇಕ್’, ‘ಬಾಯಿಲ್’ ಇವು ಎರಡೂ ಕಡೆ ಆಡುತ್ತವೆ. ‘ದ ಡೋರ್ ಓಪನ್ಡ್’ ಅಂದರೆ ಬಾಗಿಲು ತೆರೆಯಿತು, ‘ದ ಡೋರ್ ವಾಸ್ ಓಪನ್ಡ್’ ಅಂದರೆ ಯಾರೋ ತೆರೆದರು. ಬೆಣ್ಣೆಯವರ ಮಗನ ಲೋಟ ಮೊದಲನೇ ಜಾತಿ.

‘ಬೈ’ ಬಾರದ ಕಡೆಗಳೂ ಪರೀಕ್ಷೆಗೆ ಬೇಕು. ‘ನೋನ್ ಟು’, ‘ಸರ್ಪ್ರೈಸ್ಡ್ ಅಟ್’, ‘ಪ್ಲೀಸ್ಡ್ ವಿತ್’, ‘ಕಂಟೇನ್ಡ್ ಇನ್’, ‘ಕವರ್ಡ್ ವಿತ್’. ‘ಐ ನೋ ಹಿಮ್’ ಇದ್ದರೆ ‘ಹಿ ಈಸ್ ನೋನ್ ಟು ಮಿ’. ಇವು ಬಾಯಿಪಾಠವೇ, ಬೇರೆ ದಾರಿ ಇಲ್ಲ. ‘ಮೇಕ್’ ಬಂದರೆ ಇನ್ನೊಂದು ಹುಷಾರು: ‘ಷಿ ಮೇಡ್ ಮಿ ಕ್ರೈ’, ಪ್ಯಾಸಿವ್‌ನಲ್ಲಿ ‘ಐ ವಾಸ್ ಮೇಡ್ ಟು ಕ್ರೈ’. ಎಲ್ಲೂ ಇಲ್ಲದ ‘ಟು’ ಬಂದು ಕೂರುತ್ತದೆ.

ಬೆಣ್ಣೆ ಜಾಸ್ತಿ ಹಾಕಿ:
‘ಮೇಡ್’ ಅಂದಿದ್ದಕ್ಕೆ ನೆನಪಾಯಿತು. ಮಂಡಕ್ಕಿ ‘ಮೇಡ್ ಆಫ್ ರೈಸ್’ ಅಂತಲೋ ‘ಮೇಡ್ ಫ್ರಂ ರೈಸ್’ ಅಂತಲೋ?

ಹಿರಿಯೂರು ಮೇಷ್ಟ್ರು:
‘ಫ್ರಂ’. ಭತ್ತದಿಂದ ಮಂಡಕ್ಕಿವರೆಗೆ ರೂಪವೇ ಬದಲಾಗಿದೆ. ಮರದ ಮೇಜು ‘ಮೇಡ್ ಆಫ್ ವುಡ್’, ಮರ ಇನ್ನೂ ಕಣ್ಣಿಗೆ ಕಾಣುತ್ತದೆ.

ಖಾರ ಮಂಡಕ್ಕಿ:
ಬೆಣ್ಣೆದೋಸೆ?

ಹಿರಿಯೂರು ಮೇಷ್ಟ್ರು:
‘ಮೇಡ್ ವಿತ್ ಬಟರ್’. ಹಾಕಿದ ಸಾಮಗ್ರಿಗಳಲ್ಲಿ ಒಂದು ಅಂತ ಹೇಳುವಾಗ ‘ವಿತ್’.

ಗುಂಡಿ ಸರ್ಕಲ್:
ಕೆಲವು ಕಡೆ ಈಗ ‘ಮೇಡ್ ವಿದೌಟ್’ ಆಗಿದೆ ಮೇಷ್ಟ್ರೇ. ಕಾವಲಿ ಮೇಲೆ ಬೆಣ್ಣೆ ಚುಯ್ ಅನ್ನಬೇಕು, ಅಂಚು ಕೆಂಪಗೆ ಗರಿಗರಿ, ನಡುವೆ ಮೆತ್ತಗೆ. ಬೆಂಗಳೂರಿನಲ್ಲಿ ದಾವಣಗೆರೆ ಅಂತ ಬೋರ್ಡ್ ಹಾಕಿ ಕೊಡುವುದನ್ನು ತಿಂದರೆ ಕಣ್ಣಲ್ಲಿ ನೀರು.

ಪಿಜೆ ಬಡಾವಣೆ ಟು ಬೆಂಗಳೂರು:
‘ವಿ ಆರ್ ಮೇಡ್ ಟು ಕ್ರೈ’ ಅನ್ನಿ. ನಾನು ಊರಿಗೆ ಬಂದ ದಿನ ಮೊದಲ ಕೆಲಸವೇ ದೋಸೆ. ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ, ಇನ್ನೇನೂ ಬೇಡ.

ವಿದ್ಯಾನಗರದ ಅಮ್ಮ:
ದೋಸೆಯಿಂದ ವಾಪಸ್ ಬನ್ನಿ ಎಲ್ಲರೂ 🙂 ಇನ್ನೆರಡು ಅನುಮಾನ. ‘ಕ್ಲೋಸ್ ದ ಡೋರ್’ ಅನ್ನುವುದನ್ನು ‘ಲೆಟ್ ದ ಡೋರ್ ಬಿ ಕ್ಲೋಸ್ಡ್’ ಅಂತ ಬರೆಸಿದ್ದಾರೆ. ಹಾಗೆ ಯಾರಾದರೂ ಮಾತಾಡುತ್ತಾರಾ? ಇನ್ನೊಂದು, ‘ದ ಟೀಚರ್ ಗೇವ್ ಅಸ್ ಹೋಂವರ್ಕ್’ ಇದರಲ್ಲಿ ಯಾವುದನ್ನು ಮುಂದೆ ತರಬೇಕು, ‘ಅಸ್’ ಅಥವಾ ‘ಹೋಂವರ್ಕ್’?

ಚಳ್ಳಕೆರೆ ಎಕ್ಸ್‌ಪ್ರೆಸ್:
ಎರಡನೆಯದಕ್ಕೆ: ಎರಡೂ ಸರಿ. ‘ವಿ ವರ್ ಗಿವನ್ ಹೋಂವರ್ಕ್’, ‘ಹೋಂವರ್ಕ್ ವಾಸ್ ಗಿವನ್ ಟು ಅಸ್’. ಮಾತಿನಲ್ಲಿ ಮೊದಲನೆಯದು ಜಾಸ್ತಿ ಸಹಜ. ಕನ್ನಡದಲ್ಲಿ ‘ನಾವು ಕೊಡಲ್ಪಟ್ಟೆವು’ ಅಂತ ಅರ್ಥ ಮಾಡಿಕೊಂಡು ಹೆದರುತ್ತಾರೆ ಹುಡುಗರು, ಹೆದರಬೇಕಿಲ್ಲ.

ಹಿರಿಯೂರು ಮೇಷ್ಟ್ರು:
‘ಲೆಟ್ ದ ಡೋರ್ ಬಿ ಕ್ಲೋಸ್ಡ್’ ಪರೀಕ್ಷೆಯ ಪ್ರಾಣಿ. ಹಳೇ ಗ್ರಾಮರ್ ಪುಸ್ತಕಗಳಿಂದ ಇಳಿದು ಬಂದಿದೆ, ಬಾಯಿಂದ ಯಾರೂ ಆಡುವುದಿಲ್ಲ. ಕೇಳಿದರೆ ಬರೆಯಲಿ, ಮಾರ್ಕ್ಸ್ ಬಿಡುವುದು ಬೇಡ. ‘ಪ್ಲೀಸ್’ ಇರುವ ವಾಕ್ಯಕ್ಕೆ ‘ಯು ಆರ್ ರಿಕ್ವೆಸ್ಟೆಡ್ ಟು’ ಅಂತ ಬರುತ್ತದೆ. ಅದು ಮಾತ್ರ ಬದುಕಿನಲ್ಲೂ ಇದೆ, ಯಾವ ಬ್ಯಾಂಕಿನ ಗೋಡೆ ನೋಡಿದರೂ ಸಿಗುತ್ತದೆ.

ಟೈಟ್ರೇಷನ್:
ಇಲ್ಲಿ ನನಗೆ ಒಪ್ಪಿಗೆ ಇಲ್ಲ ಮೇಷ್ಟ್ರೇ. ಯಾರೂ ಆಡದ ವಾಕ್ಯವನ್ನು ಮಾರ್ಕ್ಸಿಗೋಸ್ಕರ ಕಲಿಸಿ ಕಲಿಸಿಯೇ ಮಕ್ಕಳಿಗೆ ಇಂಗ್ಲಿಷ್ ಅಂದರೆ ಒಗಟು ಅನಿಸಿದೆ. ಹತ್ತನೇ ಕ್ಲಾಸಿನಲ್ಲಿ ಎಂಬತ್ತು ವಾಕ್ಯ ತಿರುಗಿಸಿದ ಮಕ್ಕಳೇ ನನ್ನ ಲ್ಯಾಬಿಗೆ ಬಂದು ಒಂದು ಪ್ಯಾಸಿವ್ ವಾಕ್ಯ ಸ್ವಂತ ಬರೆಯಲು ಪರದಾಡುತ್ತಾರೆ. ತಿರುಗಿಸುವುದನ್ನು ಕಲಿಸಿದ್ದೀರಿ, ಬರೆಯುವುದನ್ನು ಕಲಿಸಲಿಲ್ಲ.

ಹಿರಿಯೂರು ಮೇಷ್ಟ್ರು:
ಅರವತ್ತು ಮಕ್ಕಳ ಕ್ಲಾಸಿನಲ್ಲಿ ನಲವತ್ತು ನಿಮಿಷ ಕೊಟ್ಟು ನೋಡಿ, ಆಮೇಲೆ ಮಾತಾಡೋಣ. ಪಾಸಾಗುವುದೇ ಕಷ್ಟ ಇರುವ ಹುಡುಗನಿಗೆ ಆ ಒಂದು ಮಾರ್ಕು ನನಗೆ ಮುಖ್ಯ.

ಟೈಟ್ರೇಷನ್:
ಕ್ಲಾಸಿನ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ ಮೇಷ್ಟ್ರೇ. ತಿರುಗಿಸುವ ಹತ್ತು ವಾಕ್ಯದಲ್ಲಿ ಎರಡನ್ನು ಬಿಟ್ಟು, ಅದರ ಬದಲು ‘ನಿಮ್ಮ ಶಾಲೆ ಯಾವಾಗ ಕಟ್ಟಿದ್ದು, ಊರಿನ ಕೆರೆಗೆ ಏನಾಗಿದೆ’ ಅಂತ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಸಿ ಅನ್ನುತ್ತೇನೆ. ಅದಕ್ಕೆ ಪ್ಯಾಸಿವ್ ತಾನಾಗಿ ಬೇಕಾಗುತ್ತದೆ. ‘ದ ಟ್ಯಾಂಕ್ ವಾಸ್ ಡಿಸಿಲ್ಟೆಡ್’, ‘ದ ಸ್ಕೂಲ್ ವಾಸ್ ಪೇಂಟೆಡ್’. ತಿರುಗಿಸಲು ಆ್ಯಕ್ಟಿವ್ ವಾಕ್ಯವೇ ಅಲ್ಲಿ ಇರುವುದಿಲ್ಲ.

ಹಿರಿಯೂರು ಮೇಷ್ಟ್ರು:
ಇದು ಆಗುವ ಮಾತು. ಕೆರೆಯ ಪ್ರಶ್ನೆ ನನಗೆ ಇಷ್ಟವಾಯಿತು.

ಜಗಳೂರು ಜಾಣ:
ನನ್ನದೊಂದು ಪ್ರಶ್ನೆ. ಇಂಟರ್‌ವ್ಯೂನಲ್ಲಿ ‘ಐ ಬಾರ್ನ್ ಇನ್ ಜಗಳೂರು’ ಅಂದೆ, ಎದುರಿಗೆ ಕೂತವರು ನಕ್ಕರು. ಯಾಕೆ?

ಖಾರ ಮಂಡಕ್ಕಿ:
‘ಐ ವಾಸ್ ಬಾರ್ನ್’. ಹೆತ್ತವರು ಅಮ್ಮ, ನೀವು ಹೆರಲ್ಪಟ್ಟವರು. ಅದೂ ಪ್ಯಾಸಿವ್ವೇ. ‘ಐ ಆ್ಯಮ್ ಬಿಲಾಂಗ್ಸ್ ಟು’ ಅಂತ ಅಂದಿಲ್ಲ ತಾನೇ?

ಜಗಳೂರು ಜಾಣ:
ಅಂದೆ.

ಖಾರ ಮಂಡಕ್ಕಿ:
‘ಐ ಆ್ಯಮ್ ಫ್ರಂ ಜಗಳೂರು’ ಅನ್ನಿ ಮುಂದಿನ ಸಲ. ‘ಬಿಲಾಂಗ್’ಗೆ ಪ್ಯಾಸಿವ್ ಇಲ್ಲ, ಮೇಷ್ಟ್ರು ಹೇಳಿದ ಆ ಸುಮ್ನೆ ಇರುವ ಕ್ರಿಯಾಪದಗಳ ಸಾಲಿನಲ್ಲೇ ಅದೂ ಬರುತ್ತದೆ.

ವಿದ್ಯಾನಗರದ ಅಮ್ಮ:
ಕೊನೆಯ ಪ್ರಶ್ನೆ, ಇದೂ ಅವಳದೇ. ‘ಹೂ ಟಾಟ್ ಯು ಇಂಗ್ಲಿಷ್?’ ಇದನ್ನು ‘ಹೂ ವಾಸ್ ಟಾಟ್ ಇಂಗ್ಲಿಷ್ ಬೈ ಯು’ ಅಂತ ಬರೆದಿದ್ದಾಳೆ.

ಹಿರಿಯೂರು ಮೇಷ್ಟ್ರು:
ಹಾಗೆ ಬರೆದರೆ ಅವಳೇ ಟೀಚರ್ ಆಗಿಬಿಡುತ್ತಾಳೆ. ‘ಬೈ ಹೂಮ್ ವರ್ ಯು ಟಾಟ್ ಇಂಗ್ಲಿಷ್?’ ಅಂತ ಬರೆಯಲಿ. ‘ಯು’ ಬಂದರೆ ಒಬ್ಬರಿದ್ದರೂ ‘ವರ್’, ‘ವಾಸ್’ ಅಲ್ಲ. ಪ್ರಶ್ನೆಯ ಗುರುತು ಹಾಕುವುದನ್ನು ಮರೆಯಬಾರದು, ಅದಕ್ಕೂ ಅರ್ಧ ಮಾರ್ಕ್ ಕತ್ತರಿಸುವವರಿದ್ದಾರೆ.

ಚಳ್ಳಕೆರೆ ಎಕ್ಸ್‌ಪ್ರೆಸ್:
ಮಾತಿನಲ್ಲಾದರೆ ‘ಹೂ ವರ್ ಯು ಟಾಟ್ ಬೈ?’ ಅಂತಲೂ ಕೇಳುತ್ತಾರೆ, ಪೇಪರಿನಲ್ಲಿ ಮಾತ್ರ ಮೇಷ್ಟ್ರು ಹೇಳಿದ್ದನ್ನೇ ಬರೆಯಲಿ. ಆಮೇಲೆ ಮೇಡಂ, ರಿಪೋರ್ಟೆಡ್ ಸ್ಪೀಚ್ ನೋಟ್ಸ್ ತೆಗೆದು ಒಂದು ಸಲ ನೋಡಿ. ಅಲ್ಲೂ ಒಂದು ಕೆಂಪು ಡಬ್ಬಿ ಇರುತ್ತದೆ.